ಪದಾಂತದ ಜೆ

ಆಂಗ್ಲ ನಿಘಂಟನ್ನು ಮೊದಲ ಅಕ್ಷರದ ಕ್ರಮದಿಂದ ನೋಡುವುದು ಲೋಕರೂಢಿಯಾದರೂ, ಪದಗಳ ಕೊನೆಯ ಅಕ್ಷರವನ್ನು ಹಿಡಿದು ಅದರಲ್ಲಿ ಸಂಚರಿಸುವವನಿಗೆ ಆ ಭಾಷೆಯ ಪೂರ್ವಚರಿತ್ರೆ ಇನ್ನೊಂದು ಬಗೆಯಲ್ಲಿ ಗೋಚರಿಸತೊಡಗುತ್ತದೆ. ಗಿವ್, ಹ್ಯಾವ್, ಲವ್ ಎಂಬ ಪದಗಳು ಕಿವಿಗೆ ವಕಾರದಲ್ಲಿಯೇ ಮುಗಿದರೂ ಬರವಣಿಗೆಯಲ್ಲಿ ಉಚ್ಚಾರವಿಲ್ಲದ 'ಇ' ಒಂದನ್ನು ಜೊತೆಗಿರಿಸಿಕೊಂಡೇ ನಿಲ್ಲುತ್ತವೆ. 'ಜೆ' ಅಕ್ಷರದ ಸ್ಥಿತಿ ಇದಕ್ಕಿಂತಲೂ ಕಠಿನವಾದುದು. 'ಜಡ್ಜ್' ಎಂಬ ಒಂದೇ ಪದವನ್ನು ಬರೆದು ನೋಡಿದರೆ ಸಾಕು: ಅದರ ಆದಿಯಲ್ಲಿಯೂ ಅಂತ್ಯದಲ್ಲಿಯೂ ಧ್ವನಿ ಒಂದೇ ಆಗಿರಲು, ಆದಿಯಲ್ಲಿ 'ಜೆ'ಗೆ ಆಸನವಿದೆ, ಅಂತ್ಯದಲ್ಲಿ ಅದನ್ನು ತೊರೆದು 'ಡಿ', 'ಜಿ', 'ಇ' ಎಂಬ ಮೂರು ಅಕ್ಷರಗಳನ್ನು ಸಾಲಾಗಿ ನಿಲ್ಲಿಸಬೇಕಾಗುತ್ತದೆ.

ಆದರೆ ಈ ಅಕ್ಷರ ಮೊದಲಲ್ಲಿ ಅಂತ್ಯದ ಅಲಂಕಾರವಾಗಿಯೇ ಬಾಳಿತ್ತೆಂಬುದನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ. ಮಧ್ಯಯುಗದ ಯುರೋಪಿನ ಲಿಪಿಕಾರರು ರೋಮನ್ ಅಂಕಿಗಳನ್ನು ಬರೆಯುವಾಗ, ಒಂದರ ಪಕ್ಕದಲ್ಲೊಂದು ನಿಂತ 'ಐ'ಗಳಲ್ಲಿ ಕಡೆಯದನ್ನು ಗೆರೆಯಿಂದ ಕೆಳಕ್ಕೆಳೆದು ಬಾಲ ಕೊಡುತ್ತಿದ್ದರು. ಎಂಟು ಎಂದು ಬರೆಯಲು ಒಂದು 'ವಿ', ಎರಡು 'ಐ', ಕೊನೆಗೊಂದು 'ಜೆ'. ವೈದ್ಯರು ಔಷಧದ ಚೀಟಿಯಲ್ಲಿ ಪ್ರಮಾಣವನ್ನು ಸೂಚಿಸುವಾಗ ಈ ಪದ್ಧತಿಯನ್ನು ಬಹುಕಾಲ ಉಳಿಸಿಕೊಂಡು ಬಂದರು. 'ಐ'ಯ ರೂಪಾಂತರವಾಗಿದ್ದ ಇದನ್ನು ಪ್ರತ್ಯೇಕ ಅಕ್ಷರವೆಂದು ಎಣಿಸಬೇಕೆಂದು ಇಟಲಿಯ ತ್ರಿಸ್ಸಿನೊ 1524ರಲ್ಲಿಯೇ ಪ್ರತಿಪಾದಿಸಿದ್ದರೂ, 1755ರಲ್ಲಿ ಹೊರಬಂದ ಜಾನ್ಸನ್ ಪಂಡಿತನ ಮಹಾನಿಘಂಟಿನಲ್ಲಿ ಕೂಡ 'ಐ', 'ಜೆ'ಗಳ ಪದಗಳು ಒಂದೇ ಸಾಲಿನಲ್ಲಿ ಬೆರೆತುಕೊಂಡಿವೆ.

ಪದಾಂತ್ಯದಲ್ಲಿ ಇಂತಹ ಕಟ್ಟುಪಾಡು ಕನ್ನಡಿಗನಿಗೆ ಅಪರಿಚಿತವಲ್ಲ. ಹಳಗನ್ನಡದ ಕಣ್, ಕಲ್, ಪಾಲ್ ಎಂಬ ವ್ಯಂಜನಾಂತ ಶಬ್ದಗಳು ಉಕಾರವನ್ನು ಪಡೆದು ಕಣ್ಣು, ಕಲ್ಲು, ಹಾಲು ಎಂದಾದುವು. ನಿನ್ನೆ ಮೊನ್ನೆ ಬಂದ ಬಸ್ಸು, ಕೋರ್ಟುಗಳಿಗೂ ನಮ್ಮ ಜನ ಅದೇ ಉಕಾರವನ್ನು ತೊಡಿಸಿದರು. ಬಂದ ಪದವನ್ನು ತನ್ನ ಮನೆಯ ರೀತಿಗೆ ಒಗ್ಗಿಸಿಕೊಳ್ಳುವುದು ಜೀವಂತ ಭಾಷೆಯ ಸಹಜಧರ್ಮ.

ಅದಕ್ಕೆಂದೇ, ಹಾಗೆ ಒಗ್ಗಿಸಿಕೊಳ್ಳದೆ ಆಂಗ್ಲರು ಇದ್ದಂತೆಯೇ ಬರೆದುಕೊಂಡ ಕೆಲವೇ ಪದಗಳು ನನ್ನ ಮನಸ್ಸನ್ನು ಸೆಳೆಯುತ್ತವೆ. ಹಜ್ ಅರಬ್ಬಿಯಿಂದ ಬಂದುದು. ತಾಜ್ ಅರಬ್ಬಿ, ಪಾರಸಿಗಳ ಮಾರ್ಗವಾಗಿ ಬಂದುದು. ರಾಜ್, ಸ್ವರಾಜ್ ಎಂಬುವು ನಮ್ಮವು. ಇವುಗಳ ಹಿಂದೆ ಮೂಕವಾದ 'ಇ' ಇಲ್ಲ, ಮುಂದೆ ಆಸರೆಯಾಗಿ 'ಡಿ' ಇಲ್ಲ, ಬರಿಯ 'ಜೆ'. 1858ರಿಂದ 1947ರವರೆಗಿನ ತಮ್ಮ ಆಳ್ವಿಕೆಗೆ ಹೆಸರಾಗಿ ಆಂಗ್ಲರು ಸ್ವೀಕರಿಸಿದ್ದು ಆಳಿಸಿಕೊಂಡವರ ಮಾತನ್ನೇ. ಆ ಮಾತಿಗೆ 'ಸ್ವ' ಎಂಬ ಒಂದಕ್ಷರವನ್ನು ಸೇರಿಸಿ, ದಾದಾಭಾಯಿ ನವರೋಜಿಯವರು 1906ರ ಕಲ್ಕತ್ತಾ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ, ಆಂಗ್ಲ ಭಾಷಣದ ನಡುವೆಯೇ ಅದನ್ನು ಉಚ್ಚರಿಸಿದರು. ಗಾಂಧೀಜಿ 1909ರಲ್ಲಿ ಹಡಗಿನ ಮೇಲೆ ಗುಜರಾತಿಯಲ್ಲಿ ಬರೆದ 'ಹಿಂದ್ ಸ್ವರಾಜ್' ಮರುವರ್ಷ ಆಂಗ್ಲದಲ್ಲಿ 'ಇಂಡಿಯನ್ ಹೋಮ್ ರೂಲ್' ಎಂಬ ಹೆಸರನ್ನು ಹೊತ್ತಿತು. ಆದರೆ ಆ ಅನುವಾದದ ಆಸರೆ ಬಹುಕಾಲ ಬೇಕಾಗಲಿಲ್ಲ. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ನೆರೆದ ಕಾಂಗ್ರೆಸ್ಸು, ತನ್ನ ಸಂವಿಧಾನದ ಮೊದಲನೆಯ ವಿಧಿಯಲ್ಲಿರುವ 'ಸ್ವರಾಜ್' ಎಂಬ ಪದಕ್ಕೆ ಸಂಪೂರ್ಣ ಸ್ವಾತಂತ್ರ್ಯವೆಂದೇ ಅರ್ಥವೆಂದು ನಿರ್ಣಯಿಸಿತು, ಪದವನ್ನು ಬದಲಿಸಲಿಲ್ಲ.