ಹೆಣ್ಣು ಯಾರ್ ಕೊಡ್ತಾರ?

ದೀಪಾವಳಿ ಹೊತ್ತಿಗೆ ಬೆಳಗಾವಿಗೆ ಹೋದ್ರೆ ಪಟಾಕಿಗಿಂತ ಮೊದಲು ಕಣ್ಣಿಗೆ ಬೀಳೋದು ಕಿಲ್ಲಾ. ಗಲ್ಲಿಗಲ್ಲಿಯಲ್ಲಿ ಹುಡುಗರು ಕಲ್ಲು, ಮಣ್ಣು, ಹಳೇ ಗೋಣಿಚೀಲ ಒಟ್ಟುಮಾಡಿ ರಾಯಗಡ, ಪ್ರತಾಪಗಡ ಕಟ್ಟಿರುತ್ತಾರೆ. ಹಬ್ಬದ ದಿನಕ್ಕೆ ಸರಿಯಾಗಿ ಹಸಿರು ಮೊಳೆಯೋ ಹಾಗೆ ಮೊದಲೇ ಲೆಕ್ಕ ಹಾಕಿ ಮೇಲೆ ಸಾಸಿವೆ ಬಿತ್ತಿರುತ್ತಾರೆ. (ನಮ್ಮ ಆಫೀಸಿನ ಯಾವ ಪ್ರಾಜೆಕ್ಟೂ ಡೆಡ್‌ಲೈನನ್ನು ಇಷ್ಟು ಕರಾರುವಾಕ್ಕಾಗಿ ಮುಟ್ಟಿದ್ದು ನಾನಂತೂ ಕಂಡಿಲ್ಲ.) ಚಲೋ ಕಿಲ್ಲಾಗಳಿಗೆ ಸ್ಪರ್ಧೆ, ಬಹುಮಾನ ಎಲ್ಲ ಇರುತ್ತೆ.

ಹಿಂದೊಮ್ಮೆ ಗೆಳೆಯನ ಮನೆಗೆ ಹೋದಾಗ ಪಕ್ಕದ ಮನೆ ಹುಡುಗನೊಬ್ಬ ತನ್ನ ಬುರುಜು ಯಾಕೆ ಕುಸಿಯಲಿಲ್ಲ ಅಂತ ವಿವರಿಸಿದ. ಕೆಳಗೆ ದಪ್ಪ ಕಲ್ಲು, ಒಂದು ಪದರ ಒಣಗಿದ ಮೇಲೇ ಇನ್ನೊಂದು, ಗೋಡೆ ಸ್ವಲ್ಪ ಒಳಕ್ಕೆ ವಾಲಬೇಕು. ನನ್ನದು ಕಂಪ್ಯೂಟರ್ ಸೈನ್ಸ್ ಆದ್ರೂ ಬಿ.ಇ. ಮೊದಲ ವರ್ಷ ಎಲ್ಲರ ಹಾಗೆ ಸಿವಿಲ್ ಪೇಪರ್ ಬರೆದವನು. ಇಷ್ಟು ಸ್ಪಷ್ಟವಾಗಿ ನನಗ್ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದೆ ಏನಾಗ್ತೀಯೋ ಅಂದೆ. ಅವನಿಗಿಂತ ಮೊದಲು ಅವರವ್ವ ಹೇಳಿದ್ರು, “ಇಂಜಿನಿಯರ್ರಿ.”

ಸರಿಯೇ. ಗೌಂಡಿ ಆಗ್ತಾನೆ ಅಂತ ಯಾವ ತಾಯಿ ಹೇಳ್ತಾಳೆ?

ನಮ್ಮಪ್ಪ ಗೌಂಡಿ. ನಮ್ಮೂರು ಬಸವಕಲ್ಯಾಣದ ಹತ್ತಿರದ ಮೋರಖಂಡಿ. ರಾಷ್ಟ್ರಕೂಟರ ಮಯೂರಖಂಡಿ ಇದೇ ಅಂತ ಕೆಲವು ಇತಿಹಾಸಕಾರರು ಹೇಳ್ತಾರೆ. ಈಗ ನಮ್ಮ ಕಡೆಯವರು ಕಟ್ಟೋದೆಲ್ಲ ಹೈದರಾಬಾದು, ಪುಣೆ, ಮುಂಬೈಗಳಲ್ಲಿ. ಅಪ್ಪ ಮೂರಡಿ, ನಾಲ್ಕಡಿ ಅಳೆದು ಗುರುತು ಹಾಕಿ, ಅಡ್ಡಕ್ಕೆ ಐದಡಿ ಬಂತಾ ನೋಡಿ ಮೂಲೆ ಕೂಡಿಸ್ತಾರೆ. ಪೈಥಾಗೊರಸ್ ಹೆಸರು ಕೇಳಿದವರಲ್ಲ. ನೀರು ತುಂಬಿದ ಪೈಪು ಹಿಡಿದು ಇಡೀ ಮನೆಯ ಮಟ್ಟ ತೆಗೀತಾರೆ. ಆದರೆ ನಾನು ಓದದೆ ಕೂತಾಗೆಲ್ಲ ಅವರದು ಒಂದೇ ಮಾತು: “ಓದಲಿಲ್ಲಂದ್ರ ನನ್ನಂಗ ಪುಟ್ಟಿ ಹೊರಬೇಕಾಗ್ತದ ನೋಡು.”

ಈ ಮಾತು ಅಕ್ಕನ ಮಗನ ಮೇಲೆ ಕೆಲಸ ಮಾಡಿಲ್ಲ. ಹತ್ತನೇ ತರಗತಿ ಮುಗಿಸಿ ನಾ ಮುತ್ಯಾನ ಕೆಲಸಾನೇ ಕಲೀತೀನಿ ಅಂತ ಕೂತಿದ್ದಾನೆ. ಅಕ್ಕ ಫೋನ್ ಮಾಡಿದಳು, “ತಮ್ಮಾ, ನೀನಾರ ಹೇಳು ಇವನಿಗಿ.”

ನಾನು ಅಕ್ಕನಿಗೇ ಹೇಳಿದೆ. ಐಟಿಐನಲ್ಲಿ ಒಂದು ವರ್ಷದ ಮೇಸನ್ ಟ್ರೇಡ್ ಇದೆ. ವರ್ಲ್ಡ್‌ಸ್ಕಿಲ್ಸ್ ಅಂತ ಎರಡು ವರ್ಷಕ್ಕೊಮ್ಮೆ ನಡೆಯೋ ಜಾಗತಿಕ ಸ್ಪರ್ಧೆಯಲ್ಲಿ ಇಟ್ಟಿಗೆ ಕಟ್ಟೋದೂ ಒಂದು ವಿಭಾಗ. 2024ರಲ್ಲಿ ಅದು ಫ್ರಾನ್ಸಿನ ಲಿಯಾನ್‌ನಲ್ಲಿ ನಡೀತು. ಅಲ್ಲಿ ಗೋಡೆಯ ತಪ್ಪನ್ನ ಮಿಲಿಮೀಟರಿನಲ್ಲಿ ಅಳೀತಾರೆ. ಅಕ್ಕ ಪೂರಾ ಕೇಳಿಸಿಕೊಂಡಳು.

“ಫ್ರಾನ್ಸ್ ಇರ್ಲಿ ತಮ್ಮಾ. ಇವನಿಗಿ ಹೆಣ್ಣು ಯಾರ್ ಕೊಡ್ತಾರ?”

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಬಸವಕಲ್ಯಾಣದಲ್ಲಿ 770 ಶರಣರ ನೆನಪಿಗೆ 770 ಕಂಬಗಳ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ಕಾಯಕದ ಬಗ್ಗೆ ಭಾಷಣ ನಮ್ಮಲ್ಲಿ ಆಗುವಷ್ಟು ಬೇರೆಲ್ಲೂ ಆಗಲಿಕ್ಕಿಲ್ಲ. ಆ ಕಂಬ ಎಬ್ಬಿಸೋನಿಗೆ ಮಗಳನ್ನ ಕೊಡೋ ಪ್ರಶ್ನೆ ಬಂದ್ರೆ ಮಾತ್ರ ಎಲ್ಲರೂ ಚಹಾ ಕುಡಿದು ಎದ್ದು ಹೋಗ್ತಾರೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಮಕ್ಕಳಿಗೆ ಲೆಗೊ, ಐಸ್‌ಕ್ರೀಂ ಕಡ್ಡಿಯ ಸೇತುವೆ ಸ್ಪರ್ಧೆ ಇಡ್ತಾರೆ. ತೀರ್ಪು ಕೊಡೋಕೆ ಆರ್ಕಿಟೆಕ್ಟ್ ಬರ್ತಾರೆ. ಅದೇ ಗೇಟಿನ ಹೊರಗೆ ಪಾಯ ತೆಗೀತಿರೋ ಮೇಸ್ತ್ರಿಯನ್ನ ಯಾರೂ ಕರೆಯೋದಿಲ್ಲ. ನನಗೆ ಕಾಡೋದು ಅದೇ. ಕಟ್ಟೋ ಖುಷಿ ಮಕ್ಕಳಿಗೆ ಹೇಗೂ ಇದೆ, ಅದನ್ನ ಯಾವ ಸ್ಪರ್ಧೆಯೂ ಹೊಸದಾಗಿ ಹುಟ್ಟಿಸಬೇಕಿಲ್ಲ. ಕಟ್ಟೋ ಕೈಗೆ ಮರ್ಯಾದೆ ಇದೆ ಅಂತ ಅವರ ಅಪ್ಪ ಅಮ್ಮಂದಿರಿಗೆ ತೋರಿಸಬೇಕಲ್ಲ?

ಅದಕ್ಕೇ ಈ ಸಲ ದೀಪಾವಳಿಗೆ ನಮ್ಮೂರ ಹುಡುಗರಿಗೆ ಸ್ಪರ್ಧೆ ಇಟ್ಟಿದ್ದೀವಿ. ರಾಯಗಡ ಅಲ್ಲ, ನಮ್ಮ ಬಸವಕಲ್ಯಾಣದ ಕೋಟೆಯನ್ನೇ ಕಟ್ಟಬೇಕು. ಬಹುಮಾನದ ಖರ್ಚು ನನ್ನದು, ತೀರ್ಪು ಅಪ್ಪನದು.

“ನಾ ಯಾಕಪಾ? ಯಾರರ ಸಾಹೇಬರಿಗಿ ಕರೀರಿ” ಅಂತ ಫೋನ್ ಇಟ್ಟರು. ಅರ್ಧ ಗಂಟೆ ಬಿಟ್ಟು ಅವರೇ ಮಾಡಿದರು.

“ತೂಕದ ಗುಂಡು ತರ್ಲೇನು?”