ಈ ಗಣಿಗೆ ನೈಟ್ ಶಿಫ್ಟ್ ಯಾರು?



ಗಣಿ ಎಂದ ಕೂಡಲೇ ನಮ್ಮ ಕಡೆಯ ಹಿರಿಯರಿಗೆ ಕೆಮ್ಮಣ್ಣುಗುಂಡಿ ನೆನಪಾಗುತ್ತದೆ. ಅಲ್ಲಿಯ ಅದಿರು ಬೆಟ್ಟ ಇಳಿದು ಬಂದು ಭದ್ರಾವತಿಯ ಕಾರ್ಖಾನೆಯಲ್ಲಿ ಕರಗಿ ಕಬ್ಬಿಣವಾಗುತ್ತಿತ್ತು. ಆ ಕಾರ್ಖಾನೆ ಶುರುವಾದದ್ದು 1923ರಲ್ಲಿ. ಈಗ ಅದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಇನ್ನು ಕೋಲಾರದ ಚಿನ್ನದ ಗಣಿಯ ವಿಷಯ ನಮಗೆಲ್ಲ ಗೊತ್ತೇ ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾದಾಗ ಅದು ಮೊದಲು ಹೋದದ್ದು ಯಾರ ಮನೆಯ ದೀಪಕ್ಕೂ ಅಲ್ಲ, ಕೋಲಾರದ ಗಣಿಗೆ! ಅಂದರೆ ನಮ್ಮ ನಾಡಿನಲ್ಲಿ ಗಣಿಗೂ ಕರೆಂಟಿಗೂ ನೂರು ವರ್ಷಕ್ಕಿಂತ ಹಳೆಯ ನಂಟು.

ನಾನೀಗ ಬರೆಯುತ್ತಿರುವುದು ಮಣ್ಣೇ ಇಲ್ಲದ ಒಂದು ಗಣಿಯ ಬಗ್ಗೆ. ಇದಕ್ಕೆ ಹಾರೆ ಬೇಡ, ಪಿಕಾಸಿ ಬೇಡ. ಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್, ಇಂಟರ್‌ನೆಟ್, ಮತ್ತೆ ಕರೆಂಟು ಇದ್ದರಾಯಿತು. ಇದಕ್ಕೆ ಕ್ರಿಪ್ಟೋ ಮೈನಿಂಗ್ ಅಂತಾರೆ. ಬಿಟ್‌ಕಾಯಿನ್ ಎಂಬ ಕಾಣದ ನಾಣ್ಯ 2009ರ ಜನವರಿಯಲ್ಲಿ ಶುರುವಾಯಿತು. ಲೋಕದಲ್ಲೆಲ್ಲ ಇರುವ ಕಂಪ್ಯೂಟರುಗಳು ಒಂದು ಲೆಕ್ಕಕ್ಕೆ ಉತ್ತರ ಹುಡುಕುತ್ತಾ ಕೂರುತ್ತವೆ. ಬೀಗಕ್ಕೆ ಒಂದಾದ ಮೇಲೊಂದು ಬೀಗದಕೈ ಹಾಕಿ ನೋಡಿದ ಹಾಗೆ, ಸೆಕೆಂಡಿಗೆ ಕೋಟಿಗಟ್ಟಲೆ ಸಲ. ಯಾರದ್ದು ಮೊದಲು ತೆರೆಯುತ್ತದೋ ಅವರಿಗೆ ನಾಣ್ಯ. ಒಬ್ಬರಿಂದಾಗದು ಅಂತ ಸಾವಿರಾರು ಜನ ಗುಂಪು ಸೇರಿ ಹುಡುಕಿ, ಸಿಕ್ಕಿದ್ದನ್ನು ಪಾಲು ಮಾಡಿಕೊಳ್ಳುವುದೂ ಉಂಟು.

ಇದನ್ನು ನಾನು ಕಣ್ಣಾರೆ ನೋಡಿದ್ದು 2021ರಲ್ಲಿ, ಭದ್ರಾವತಿಯ ದೊಡ್ಡಪ್ಪನ ಮನೆಯಲ್ಲಿ. ಕೊರೋನಾ ಎರಡನೇ ಅಲೆಯ ಕಾಲ. ಶಾಲೆಗೆ ಬೀಗ. ನಾನಾಗ ಆರನೇ ಕ್ಲಾಸು. ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕು, ಡಿಪ್ಲೊಮಾ ಓದುತ್ತಿದ್ದವನು ಮನೆಯಲ್ಲೇ ಇದ್ದ. ಮುಂದೆ ಇಂಜಿನಿಯರಿಂಗ್ ಸೇರಬೇಕು, ಫೀಜಿಗೆ ಅಪ್ಪನ ಪೆನ್ಶನ್ ದುಡ್ಡು ಮುಟ್ಟಬಾರದು ಅನ್ನೋದು ಅವನ ಹಟ. ಒಂದು ಹಳೇ ಕಂಪ್ಯೂಟರಿಗೆ ಎರಡು ಗ್ರಾಫಿಕ್ಸ್ ಕಾರ್ಡು ಕೂರಿಸಿ ಈಥರ್ ಎಂಬ ನಾಣ್ಯದ ಗಣಿ ಶುರು ಮಾಡಿದ್ದ. ಆಗ ಬಿಟ್‌ಕಾಯಿನ್ ಹುಡುಕಲು ಅದಕ್ಕೇ ಮಾಡಿದ ಯಂತ್ರ ಬೇಕಿತ್ತು. ಈಥರ್ ಮಾತ್ರ ಮನೆ ಕಂಪ್ಯೂಟರಿಗೂ ಸಿಗುತ್ತಿತ್ತು.

ಯಂತ್ರ ಇದ್ದದ್ದು ನಡುಮನೆಯಲ್ಲಿ. ಅಲ್ಲೇ ಅಜ್ಜಿಯ ಮಂಚ. "ಎಂತದೋ ಅದು, ರಾತ್ರಿಯೆಲ್ಲ ಗುಂಯ್ ಅಂತದೆ" ಅಂತ ಅಜ್ಜಿ ಮೊದಮೊದಲು ಗೊಣಗುತ್ತಿದ್ದರು. ಆಮೇಲೆ ಜಿಟಿಜಿಟಿ ಮಳೆ ಹಿಡಿದಾಗ ಅದರಿಂದ ಬರುವ ಬಿಸಿಗಾಳಿಗೆ ತಮ್ಮ ಒದ್ದೆ ಟವೆಲ್ ಒಣಗಹಾಕೋಕೆ ಶುರು ಮಾಡಿದರು! ಅಣ್ಣ ತೆಗೀತಿದ್ದ, ಅಜ್ಜಿ ಹಾಕ್ತಿದ್ದರು.

ಒಂದು ರಾತ್ರಿ ಸುಮಾರು ಎರಡು ಗಂಟೆ ಇರಬಹುದು. ಮನೆಯೆಲ್ಲ ಒಣಮೀನು ಸುಟ್ಟ ಹಾಗೆ ಕಮಟು ವಾಸನೆ. ದೊಡ್ಡಪ್ಪ ಎದ್ದವರೇ ಕಂಪ್ಯೂಟರ್ ಹತ್ತಿರ ಹೋಗಲಿಲ್ಲ. ನೇರ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ಆಮೇಲೆ ಬ್ಯಾಟರಿ ಬಿಟ್ಟು ನೋಡಿದರು. ಅವರು ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಸಾಕೆಟ್ಟಿನ ಮೂತಿ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಹಿಂದಿನ ಮರದ ಹಲಗೆ ಕಪ್ಪಗೆ ಕರಿಕಟ್ಟಿತ್ತು. ಅಜ್ಜಿಯ ದಿಂಬಿಗೂ ಅದಕ್ಕೂ ಎರಡು ಮೊಳ ದೂರ ಅಷ್ಟೆ.

ಅಣ್ಣನಿಗೆ ಕೈಕಾಲು ನಡುಕ. ಆದರೂ ಒಂದು ಪ್ರಶ್ನೆ ಕೇಳಿದ. "ಅಪ್ಪ, ಎಂಸಿಬಿ ಇದೆಯಲ್ಲ, ಅದು ಯಾಕೆ ಬೀಳಲಿಲ್ಲ?"

ಸ್ನೇಹಿತರೆ, ನಾನು ಈ ಲೇಖನ ಬರೆಯುವುದಕ್ಕೆ ಈ ಪ್ರಶ್ನೆಯೇ ಕಾರಣ. ಫ್ಯೂಸ್ ಇದೆ, ಎಂಸಿಬಿ ಇದೆ, ಇನ್ನೇನು ಭಯ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಮಾರನೇ ದಿನ ದೊಡ್ಡಪ್ಪ ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದರು. ಆಗ ಅರ್ಧ ಅರ್ಥವಾಗಿತ್ತು. ಈಗ ಹತ್ತನೇ ತರಗತಿಯಲ್ಲಿ ಜೌಲ್‌ನ ನಿಯಮ ಓದಿದ ಮೇಲೆ ಪೂರ್ತಿ ಅರ್ಥವಾಯಿತು.

ಒಂದೊಂದು ಕಾರ್ಡಿಗೆ 140 ವ್ಯಾಟ್, ಎರಡಕ್ಕೆ 280. ಕಂಪ್ಯೂಟರಿನ ಉಳಿದ ಭಾಗಗಳಿಗೆ 90. ಒಟ್ಟು 370 ವ್ಯಾಟ್. ಕಂಪ್ಯೂಟರಿನೊಳಗೆ ಎಸ್‌ಎಂಪಿಎಸ್ ಅಂತ ಒಂದು ಡಬ್ಬಿ ಇರುತ್ತದೆ. ಗೋಡೆಯಿಂದ ಬರುವ 230 ವೋಲ್ಟನ್ನು 12 ವೋಲ್ಟ್, 5 ವೋಲ್ಟ್ ಮಾಡಿ ಕೊಡುವುದು ಅದರ ಕೆಲಸ. ಈ ಬದಲಾವಣೆಯಲ್ಲಿ ಸ್ವಲ್ಪ ಕರೆಂಟು ಬಿಸಿಯಾಗಿ ಪೋಲಾಗುತ್ತದೆ. ನೂರಕ್ಕೆ ಎಂಬತ್ತು ಉಪಯೋಗಕ್ಕೆ ಬರುತ್ತದೆ ಅಂತ ಹಿಡಿದರೆ ಗೋಡೆಯಿಂದ ಸುಮಾರು 460 ವ್ಯಾಟ್ ಎಳೆಯಬೇಕು. 460ನ್ನು 230ರಿಂದ ಭಾಗಿಸಿ. 2 ಆಂಪೇರ್!

ಸಾಕೆಟ್ಟು 6 ಆಂಪೇರಿನದು. ಎಳೆಯುತ್ತಿದ್ದದ್ದು ಎರಡೇ. ಹಾಗಾದರೆ ಸುಟ್ಟದ್ದು ಹೇಗೆ?

ಆ ಸಾಕೆಟ್ಟು ಹಳೆಯದು. ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿತ್ತು. ಸಡಿಲವಿದ್ದಲ್ಲಿ ರೋಧ ಹೆಚ್ಚು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಅಲ್ಲಿ ಸೆಕೆಂಡಿಗೆ ಹುಟ್ಟುವ ಶಾಖ ಸಿಗುತ್ತದೆ. ಆ ಜಾಗದಲ್ಲಿ 1 ಓಮ್ ರೋಧ ಇದ್ದರೆ 2 × 2 × 1 = 4 ವ್ಯಾಟ್. ನಾಲ್ಕು ವ್ಯಾಟ್ ಎಷ್ಟು ಮಹಾ ಅನ್ನಿಸಬಹುದು. ಆದರೆ ಅದು ಬೇಳೆಕಾಳಿನಷ್ಟು ಜಾಗದಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ಕಿನೊಳಗೆ, ಹಗಲೂ ರಾತ್ರಿ. ಬಿಸಿಗೆ ಹಿತ್ತಾಳೆ ಕಪ್ಪಾಗಿ ಹಿಡಿತ ಇನ್ನೂ ಸಡಿಲವಾಗುತ್ತದೆ, ರೋಧ ಏರುತ್ತದೆ. 5 ಓಮ್ ಆದಾಗ 20 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಹೆಚ್ಚುಕಡಿಮೆ ಅಂಥದ್ದೊಂದು ಕಡ್ಡಿಯನ್ನು ಗೋಡೆಯೊಳಗೆ ಇಟ್ಟು ಮಲಗಿದ ಹಾಗಾಯಿತು!

ಎಂಸಿಬಿ ನೋಡುವುದು ಪ್ರವಾಹ ಮಿತಿ ಮೀರಿತೇ ಎಂಬುದನ್ನು. ತಂತಿಗೆ ತಂತಿ ತಗುಲಿದರೆ ಬೀಳುತ್ತದೆ, ಒಂದೇ ಲೈನಿಗೆ ಹೀಟರ್, ಇಸ್ತ್ರಿಪೆಟ್ಟಿಗೆ ಎಲ್ಲ ಸೇರಿದರೆ ಬೀಳುತ್ತದೆ. ಇಲ್ಲಿ ಪ್ರವಾಹ ಎರಡೇ ಆಂಪೇರ್. ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಸಡಿಲ ಜೋಡಣೆ ಅದರ ಕಣ್ಣಿಗೆ ಬೀಳುವುದೇ ಇಲ್ಲ.

"ಹಾಗಾದ್ರೆ ಇಷ್ಟು ದಿನ ಟಿವಿ ಹಾಕಿದ್ವಲ್ಲ, ಅದೇ ಸಾಕೆಟ್ಟಿಗೆ?" ಅಂತ ನಾನು ಕೇಳಿದೆ.

"ಟಿವಿ ಎಳೆಯೋದು ಇದರ ಕಾಲುಭಾಗಾನೂ ಇಲ್ಲ ಪುಟ್ಟಿ. ಪ್ರವಾಹ ಅರ್ಧ ಆದ್ರೆ ಬಿಸಿ ಕಾಲುಭಾಗ ಆಗ್ತದೆ. ಮತ್ತೆ ಟಿವಿ ರಾತ್ರಿ ಮಲಗ್ತದೆ. ಸಾಕೆಟ್ಟು ತಣ್ಣಗಾಗೋಕೆ ಪುರುಸೊತ್ತು ಸಿಗ್ತದೆ" ಅಂದರು ದೊಡ್ಡಪ್ಪ.

ಅಣ್ಣ ಬಿಡಲಿಲ್ಲ. "ಇದು ಇಪ್ಪತ್ನಾಲ್ಕು ಗಂಟೆ ನಡೆದ್ರೇನೇ ಗಿಟ್ಟೋದು ಅಪ್ಪ" ಅಂದ. ಆಗ ದೊಡ್ಡಪ್ಪ ಹೇಳಿದ ಮಾತನ್ನು ನಾನು ಮರೆಯಲಾರೆ. "ಕುಲುಮೆನೂ ಇಪ್ಪತ್ನಾಲ್ಕು ಗಂಟೆ ನಡೀತದೆ ಕಣೋ. ಅದಕ್ಕೆ ಮೂರು ಶಿಫ್ಟಲ್ಲಿ ಜನ ಎಚ್ಚರ ಇರ್ತಾರೆ. ನಿನ್ನ ಗಣಿಗೆ ನೈಟ್ ಶಿಫ್ಟ್ ಯಾರು? ಮಲಗಿರೋ ನಿಮ್ಮಜ್ಜಿಯಾ?"

ಅಣ್ಣ ತಲೆ ತಗ್ಗಿಸಿದ. ದೊಡ್ಡಪ್ಪ ಮುಂದೆ ಬಯ್ಯಲಿಲ್ಲ. ಮೀಟರ್ ಬೋರ್ಡಿನಿಂದ 2.5 ಚದರ ಮಿಲಿಮೀಟರ್ ದಪ್ಪದ ಬೇರೆ ತಾಮ್ರದ ತಂತಿ ಎಳೆದು 16 ಆಂಪೇರಿನ ಹೊಸ ಸಾಕೆಟ್ಟು ಕೂರಿಸಿದರು. ಅರ್ಥಿಂಗ್ ಸರಿಯಿದೆಯೇ ನೋಡಿದರು. ಯಂತ್ರ ಮುಂದಿನ ಜಗಲಿ ಕೋಣೆಗೆ ಹೋಯಿತು. ಎಲ್ಲರೂ ಮಲಗುವಾಗ ಆಫ್, ಇದು ಕರಾರು.

ಲಾಕ್‌ಡೌನ್ ಸಡಿಲವಾದ ಮೇಲೆ ಹೊಸ ಎಸ್‌ಎಂಪಿಎಸ್ ತರಲು ಮೂವರೂ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು. ನೆಹರೂ ರಸ್ತೆಯ ಕಡೆಯೆಲ್ಲ ಸುತ್ತಿದೆವು. ಹಳೆಯದರ ಮೇಲೆ 450 ವ್ಯಾಟ್ ಅಂತ ಬರೆದಿತ್ತು. ಹಗಲಿರುಳು ನಡೆಯುವ ಕೆಲಸಕ್ಕೆ ಬರೆದಿರುವುದರ ಮುಕ್ಕಾಲು ಭಾಗ ಮಾತ್ರ ನಂಬಬೇಕು ಅಂತ ದೊಡ್ಡಪ್ಪನ ಲೆಕ್ಕ. ಅಂದರೆ 337 ವ್ಯಾಟ್. ಇವನು ಎಳೆಯುತ್ತಿದ್ದದ್ದು 370. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸರಿ.

ಇನ್ನೊಂದು ಸೂಕ್ಷ್ಮವನ್ನು ಅಂಗಡಿಯವರೇ ತೋರಿಸಿದರು. ಕಾರ್ಡನ್ನು ದೂರ ಕೂರಿಸುವ ಸಣ್ಣ ಪಟ್ಟಿ 75 ವ್ಯಾಟ್‌ವರೆಗೂ ಎಳೆಯಬಹುದು. ಹಾರ್ಡ್ ಡಿಸ್ಕಿಗೆ ಕೊಡುವ ಚಪ್ಪಟೆ ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಡೆಯುವುದು 54 ವ್ಯಾಟ್ ಮಾತ್ರ. ಬಾಯಿ ಹೊಂದುತ್ತದೆ ಅಂತ ಅಡಾಪ್ಟರ್ ಹಾಕಿ ಇದಕ್ಕೆ ಅದನ್ನು ಜೋಡಿಸಿದರೆ ಕನೆಕ್ಟರ್ ಕರಗುತ್ತದೆ. ಪಿನ್ನು ಹೊಂದಿದ ಮಾತ್ರಕ್ಕೆ ಭಾರ ಹೊರುತ್ತದೆ ಅಂತಲ್ಲ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 460 ವ್ಯಾಟ್ 24 ಗಂಟೆ ನಡೆದರೆ ದಿನಕ್ಕೆ 11 ಯೂನಿಟ್, ತಿಂಗಳಿಗೆ 331 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಅಂತ ಹಿಡಿದರೂ 2,317 ರೂಪಾಯಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಇರುವುದೇ 200 ಯೂನಿಟ್‌ವರೆಗೆ. ಈ ಯಂತ್ರ ಒಂದೇ ಅದನ್ನು ದಾಟಿಬಿಡುತ್ತದೆ. 2022ರ ಏಪ್ರಿಲ್‌ನಿಂದ ಇಂಥ ನಾಣ್ಯ ಮಾರಿದ ಲಾಭಕ್ಕೆ ನೂರಕ್ಕೆ ಮೂವತ್ತು ತೆರಿಗೆ. ಕೊನೆಗೆ 2022ರ ಸೆಪ್ಟೆಂಬರ್ 15ರಂದು ಈಥರ್ ನಾಣ್ಯದವರು ತಮ್ಮ ಪದ್ಧತಿಯನ್ನೇ ಬದಲಿಸಿದರು. ಅಂದಿನಿಂದ ಅದಕ್ಕೆ ಗಣಿಗಾರಿಕೆಯೇ ಇಲ್ಲ. ಅಣ್ಣ ಕಾರ್ಡುಗಳನ್ನು ಮಾರಿದ. ಆ ಹೊಸ ಸಾಕೆಟ್ಟಿಗೆ ಈಗ ದೊಡ್ಡಮ್ಮನ ಹಿಟ್ಟಿನ ಗಿರಣಿ ಹಾಕಿದ್ದಾರೆ.

ನಮ್ಮೂರಲ್ಲಿ ಯಾರ ಮನೇಲೂ ಇಂಥ ಗಣಿ ಇಲ್ಲವಲ್ಲ, ಇದೆಲ್ಲ ಎಂತಕ್ಕೆ ಅಂತ ನೀವು ಕೇಳಬಹುದು. ಗಣಿ ಇಲ್ಲ ನಿಜ. ಆದರೆ ಬಿಡುವಿಲ್ಲದೆ ಓಡುವ ವಸ್ತುಗಳು ಇವೆ. ಫ್ರಿಜ್ ಇದೆ. ಕೋಳಿಮರಿಗೆ ಕಾವು ಕೊಡೋ ಬಲ್ಬು ಇದೆ. ತೋಟಕ್ಕೆ ರಾತ್ರಿ ಕರೆಂಟು ಬಂದಾಗ ತಾನೇ ಓಡುವ ಪಂಪ್‌ಸೆಟ್ ಇದೆ. ತಂತಿಗೆ ಬಿಟ್‌ಕಾಯಿನ್ನೂ ಗೊತ್ತಿಲ್ಲ, ಕೋಳಿಮರಿಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ಆಂಪೇರ್, ಎಷ್ಟು ಹೊತ್ತು, ಎಷ್ಟು ಸಡಿಲ ಇಷ್ಟೆ.

ಆದ್ದರಿಂದ ದೊಡ್ಡಪ್ಪ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಕಾದವರು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಿ.

1. ಬಿಡುವಿಲ್ಲದೆ ಓಡುವ ವಸ್ತುವಿಗೆ ಗೋಡೆಯ ಸಾಕೆಟ್ಟೇ ಇರಲಿ. ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದನ್ನು ಸಿಕ್ಕಿಸಬಾರದು.

2. ಪ್ಲಗ್ಗು ಅಲ್ಲಾಡಿದರೆ, ಚಟಪಟ ಸದ್ದು ಬಂದರೆ, ಬಣ್ಣ ಕಂದಾದರೆ, ಮೀನಿನಂಥ ವಾಸನೆ ಬಂದರೆ ಮುಟ್ಟಬೇಡಿ. ದೊಡ್ಡವರಿಗೆ ಹೇಳಿ ಮೇನ್ ಆಫ್ ಮಾಡಿಸಿ. ಪೇಪರ್ ತುರುಕಿ ಪ್ಲಗ್ಗು ಬಿಗಿ ಮಾಡುವ ಉಪಾಯ ಬೇಡವೇ ಬೇಡ, ಸಾಕೆಟ್ಟೇ ಬದಲಾಗಬೇಕು.

3. ಪ್ಲಗ್ಗಿನ ಮೂರನೇ ಪಿನ್ನು ಉದ್ದ ಇರುವುದು ಅರ್ಥ್ ಮೊದಲು ತಗುಲಲಿ ಅಂತ. ಅದನ್ನು ಮುರಿಯಬಾರದು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಬೇಕು.

4. ಶಾಕ್ ತಡೆಯಲು 30 ಮಿಲಿಆಂಪೇರಿನ ಆರ್‌ಸಿಸಿಬಿ ಬೇರೆಯೇ ಬೇಕು. ಎಂಸಿಬಿ ಆ ಕೆಲಸ ಮಾಡುವುದಿಲ್ಲ.

5. ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

6. ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ಗು ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

7. ಬೆಂಕಿ ಕಂಡರೆ ಮೊದಲು ಮೇನ್ ಆಫ್, ಜನ ಹೊರಗೆ. ಕರೆಂಟು ಇರುವಾಗ ನೀರು ಹಾಕಬಾರದು. ಫೋನ್ ನಂಬರ್ 112.

ಸ್ನೇಹಿತರೆ, ದುಡಿಯುವ ಆಸೆ ತಪ್ಪಲ್ಲ. ಅಣ್ಣನ ಆಸೆಯೂ ತಪ್ಪಾಗಿರಲಿಲ್ಲ. ಇಂದು ಸಂಜೆ ಮನೆಗೆ ಹೋದಾಗ ಒಂದು ಕೆಲಸ ಮಾಡಿ. ರಾತ್ರಿ ನೀವು ಮಲಗಿದ ಮೇಲೂ ಎಚ್ಚರವಾಗಿರುವ ಪ್ಲಗ್ಗುಗಳು ನಿಮ್ಮ ಮನೆಯಲ್ಲಿ ಎಷ್ಟಿವೆ, ಯಾರ ತಲೆದಿಂಬಿನ ಹತ್ತಿರ ಇವೆ ಅಂತ ಕೈ ತಾಗಿಸದೆ ಎಣಿಸಿ ನೋಡಿ. ನಾಳೆ ವಿಜ್ಞಾನದ ಪೀರಿಯಡ್‌ನಲ್ಲಿ ಮೇಷ್ಟ್ರಿಗೆ ಹೇಳೋಣ.

ಇಂತಿ ನಿಮ್ಮ ಗೆಳತಿ,
ಹತ್ತನೇ ತರಗತಿ