ಸ್ಟೆರಾಯ್ಡ್ ಸೋತರೆ ಆಟ ಮುಗಿಯಿತೇ?

2016ರ ‘ದಂಗಲ್’ ಚಿತ್ರದ ಪುಟ್ಟ ಬಬಿತಾ ನಿಮಗೆ ನೆನಪಿರಬೇಕು. ಆ ಪಾತ್ರ ಮಾಡಿದ ಸುಹಾನಿ ಭಟ್ನಾಗರ್ 2024ರ ಫೆಬ್ರವರಿ 16ರಂದು ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡಳು. ವಯಸ್ಸು ಬರೀ ಹತ್ತೊಂಬತ್ತು! ಕಾಯಿಲೆ, ಡರ್ಮಟೊಮಯೋಸೈಟಿಸ್.

ನಾಲಿಗೆ ತಿರುಗದ ಈ ಹೆಸರು ಅದಕ್ಕೆ ಮೊದಲೇ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದು ಕೂತಿತ್ತು. ಅಕ್ಕ, ಭಾವ ಎರಡು ಮಗ್ಗ ಇಟ್ಟುಕೊಂಡು ಸೀರೆ ನೇಯುವವರು. ಅಕ್ಕನಿಗೆ ಮೊದಲು ತಲೆ ಬಾಚಲು ಕೈ ಎತ್ತಲಾಗಲಿಲ್ಲ. ಆಮೇಲೆ ನೆಲದ ಮೇಲೆ ಕೂತರೆ ಏಳಲಾಗಲಿಲ್ಲ. ಕಣ್ಣಿನ ರೆಪ್ಪೆಗೆ ನೇರಳೆ ಬಣ್ಣ, ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು. ಡಾಕ್ಟರೊಬ್ಬರು ‘ಮಗ್ಗದ ಆಯಾಸ’ ಅಂತ ಟಾನಿಕ್ ಬರೆದುಕೊಟ್ಟರು. ಎರಡು ತಿಂಗಳು ಹಾಗೇ ಹೋಯ್ತು. ಬೆಂಗಳೂರಿನಲ್ಲಿ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದ ಮೇಲೇ ಗುಟ್ಟು ಬಯಲಾದದ್ದು. ರೋಗಾಣುಗಳನ್ನು ಹೊಡೆಯಬೇಕಾದ ದೇಹದ ಕಾವಲು ಪಡೆ ತನ್ನದೇ ಸ್ನಾಯು, ಚರ್ಮದ ಮೇಲೆ ತಿರುಗಿಬಿದ್ದಿತ್ತು!

ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಮೂರು ತಿಂಗಳು ನುಂಗಿದಳು. ಮುಖ ಊದಿ ದುಂಡಗಾಯಿತು, ಸಕ್ಕರೆ ಏರಿತು. ಶಕ್ತಿ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಸುಹಾನಿಯ ಸುದ್ದಿ. ಪಕ್ಕದ ಮನೆ ಹುಡುಗ ಬಂದು, “ಸ್ಟೆರಾಯ್ಡೇ ಕೊಂದಿದ್ದಂತೆ ಕಣಕ್ಕಾ” ಅಂದ. ಆ ರಾತ್ರಿ ಅಕ್ಕ ಮಾತ್ರೆಗಳನ್ನೆಲ್ಲ ಹೊರಗೆಸೆದಳು.

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ಆದರೆ ಸಿನಿಮಾ ಸುದ್ದಿಯನ್ನು ಕೊನೇ ಸಾಲಿನವರೆಗೂ ಓದುವ ಚಟವುಂಟು. ಸೋಂಕು ತಗುಲಿ ಶ್ವಾಸಕೋಶ ಕೆಟ್ಟಿತೆಂದು ಸುಹಾನಿಯ ತಂದೆಯೇ ಹೇಳಿದ್ದರು. ಸ್ಟೆರಾಯ್ಡ್ ಸೋಂಕಿಗೆ ಬಾಗಿಲು ತೆರೆಯುತ್ತದೆ, ನಿಜ. ಹಾಗಂತ ತಿಂಗಳುಗಟ್ಟಲೆ ನುಂಗಿದ್ದನ್ನು ದಿಢೀರನೆ ಬಿಟ್ಟರೆ ಪ್ರಾಣಕ್ಕೇ ಕುತ್ತು. ದೇಹ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಬೆಳಿಗ್ಗೆ ಮಾತ್ರೆ ಹುಡುಕಿ ನುಂಗಿಸಿ, ಅಕ್ಕನನ್ನು ಬೆಂಗಳೂರು ಬಸ್ಸು ಹತ್ತಿಸಿದೆ.

ಸ್ಟೆರಾಯ್ಡ್ ಒಂದೇ ಅಸ್ತ್ರವಲ್ಲ ಎಂದು ಗೊತ್ತಾದದ್ದು ಅಲ್ಲೇ. ಜೊತೆಗೆ ಮೆಥೊಟ್ರೆಕ್ಸೇಟ್ ಸೇರಿಸಿದರು. ಅದು ವಾರಕ್ಕೊಂದೇ ದಿನ. ದಿನಾ ನುಂಗಿದರೆ ವಿಷ! ಅದೂ ಸಾಲದಾಗ ಐ.ವಿ.ಐ.ಜಿ. ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾದಿಂದ ತೆಗೆದು, ಡ್ರಿಪ್ ಮೂಲಕ ಕೊಡುವ ಔಷಧ. (ಅಣ್ಣಾವ್ರ ಹುಟ್ಟುಹಬ್ಬಕ್ಕೆ ರಕ್ತ ಕೊಡುವ ಹುಡುಗರೇ, ಕೇಳಿಸಿತೇ?) 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇದನ್ನು ಪಡೆದ 47 ಮಂದಿಯಲ್ಲಿ 37 ಮಂದಿಗೆ 16 ವಾರಗಳಲ್ಲಿ ಸುಧಾರಣೆ ಕಂಡಿತು, ಹುಸಿ ಮದ್ದು ಪಡೆದ 48ರಲ್ಲಿ 21 ಮಂದಿಗೆ.

ಅಕ್ಕ ಇದಕ್ಕೆಲ್ಲ ಬಗ್ಗಲಿಲ್ಲ. ಕೊನೆಗೆ ಸಮಂತಾಳ ಫೋಟೋ ತೋರಿಸಿದೆ. ತನಗೆ ಮಯೋಸೈಟಿಸ್ ಇದೆಯೆಂದು 2022ರ ಅಕ್ಟೋಬರಿನಲ್ಲಿ ಹೇಳಿಕೊಂಡಾಗಿನದು. ಕೈಗೆ ಡ್ರಿಪ್, ಎದುರಿಗೆ ‘ಯಶೋದಾ’ ಡಬ್ಬಿಂಗಿನ ಮೈಕು. ಅಕ್ಕ ಬಹಳ ಹೊತ್ತು ನೋಡಿದಳು. “ಅವಳಿಗೆ ದುಡ್ಡಿದೆ ಕಣೋ,” ಅಂದಳು.

ಅದೂ ಸುಳ್ಳಲ್ಲ. 50 ಕಿಲೋ ತೂಕದ ಅಕ್ಕನಿಗೆ ಒಂದು ಸುತ್ತಿಗೆ 100 ಗ್ರಾಂ, ಅಂದರೆ 5 ಗ್ರಾಮಿನ ಇಪ್ಪತ್ತು ಬಾಟಲಿ. ಭಾವ ಮಾತಾಡದೆ ಒಂದು ಮಗ್ಗ ಮಾರಿದರು.

ಈಗ ಮೂರು ಸುತ್ತು ಮುಗಿದಿದೆ. ಸ್ಟೆರಾಯ್ಡ್ ಡೋಸನ್ನು ಡಾಕ್ಟರು ಮೆಲ್ಲಗೆ ಇಳಿಸುತ್ತಿದ್ದಾರೆ. ಬಸ್ಸಿನ ಮೆಟ್ಟಿಲು ಹತ್ತಲು ಅಕ್ಕನಿಗೆ ಇನ್ನೂ ನನ್ನ ಹೆಗಲು ಬೇಕು. ನಾಲ್ಕನೇ ಸುತ್ತಿಗೆ ಭಾವ ಉಳಿದ ಮಗ್ಗದ ಮೇಲೆ ಸಾಲ ಕೇಳಿ ಬಂದಿದ್ದಾರೆ.